ಬ್ಯಾಚ್ ನಂಬರ್ ಹೇಳಿದರು, ಅಂಗಡಿ ಯಾವುದು ಅಂತ ಹೇಳಲಿಲ್ಲ

2025ರ ಜನವರಿಯಲ್ಲಿ ಬಂದ ಒಂದು ಸುದ್ದಿ ನಿಮಗೂ ನೆನಪಿರಬಹುದು. ಪತಂಜಲಿ ಫುಡ್ಸ್ ಕಂಪನಿ ತನ್ನ ಖಾರದ ಪುಡಿಯ ಒಂದು ಬ್ಯಾಚನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಳ್ಳಬೇಕು ಅಂತ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಆದೇಶ ಕೊಟ್ಟಿತ್ತು. ಪುಡಿಯಲ್ಲಿ ಕೀಟನಾಶಕದ ಉಳಿಕೆ ಮಿತಿಗಿಂತ ಜಾಸ್ತಿ ಇತ್ತು. 200 ಗ್ರಾಂ ಪ್ಯಾಕೆಟ್, ಬ್ಯಾಚ್ ನಂಬರ್ ಎಜೆಡಿ2400012, ಒಟ್ಟು ನಾಲ್ಕು ಟನ್. ಲೆಕ್ಕ ಹಾಕಿದರೆ 20 ಸಾವಿರ ಪ್ಯಾಕೆಟ್. ಎಲ್ಲಿ ಕೊಂಡಿದ್ದೀರೋ ಅಲ್ಲೇ ವಾಪಸ್ ಕೊಟ್ಟು ದುಡ್ಡು ತಗೊಳ್ಳಿ ಅಂತ ಕಂಪನಿ ಹೇಳಿತು.

ಇಷ್ಟೆಲ್ಲಾ ಹೇಳಿದರು. ಆ 20 ಸಾವಿರದಲ್ಲಿ ನಮ್ಮ ಹಾಸನಕ್ಕೆ ಎಷ್ಟು ಬಂತು, ಬಂದಿದ್ದರೆ ಯಾವ ಅಂಗಡಿಗೆ ಬಂತು, ಅದನ್ನು ಮಾತ್ರ ಯಾರೂ ಹೇಳಲಿಲ್ಲ. ಆ ದಿನ ನಮ್ಮನೆಯಲ್ಲಿ ಅಮ್ಮ ಖಾರದ ಪುಡಿ ಡಬ್ಬದ ಮುಚ್ಚಳ ತೆಗೆದು ಒಮ್ಮೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಡಬ್ಬದಲ್ಲಿ ಇರೋದು ಯಾವ ಕಂಪನಿಯದು ಅಂತಲೇ ಅವರಿಗೆ ನೆನಪಿರಲಿಲ್ಲ. ಹೇಗೆ ನೆನಪಿರಬೇಕು? ನಮ್ಮ ಕಡೆ ಪ್ಯಾಕೆಟ್ ತಂದ ತಕ್ಷಣ ಕತ್ತರಿಸಿ ಡಬ್ಬಕ್ಕೆ ಸುರಿಯುತ್ತಾರೆ, ಕವರನ್ನು ಕಸಕ್ಕೋ ಬಚ್ಚಲ ಒಲೆಗೋ ಹಾಕುತ್ತಾರೆ. ಬ್ಯಾಚ್ ನಂಬರ್ ಕವರಿನ ಜೊತೆಗೇ ಹೋಯಿತು. ಅಮ್ಮನಿಗೆ ನೆನಪಿದ್ದದ್ದು ಅಂಗಡಿ ಒಂದೇ. ಯಾವತ್ತು, ಯಾರ ಅಂಗಡಿಯಲ್ಲಿ, ಏನೇನು ಜೊತೆಗೆ ತಂದೆ ಅನ್ನುವುದನ್ನೆಲ್ಲ ಸರಿಯಾಗಿ ಹೇಳಿದರು.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರೋದು ಇದೇ ವಿಷಯ. ಜನಕ್ಕೆ ನೆನಪಿರೋದು ಅಂಗಡಿ, ಸರ್ಕಾರ ಹೇಳೋದು ಬ್ಯಾಚ್ ನಂಬರ್. ಎರಡೂ ಒಂದಕ್ಕೊಂದು ಸಿಗೋದೇ ಇಲ್ಲ. ಹಾಗಾದರೆ ಅಂಗಡಿಗಳ ಹೆಸರು ಯಾರಿಗೂ ಗೊತ್ತಿಲ್ಲವಾ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲವಾ?

ಇದನ್ನು ತಿಳಿಯೋಕೆ ಒಂದು ಕೆಲಸ ಮಾಡಿದೆ. ಯಾವ ದೂರೂ ಇಲ್ಲದ, ಯಾರೂ ವಾಪಸ್ ಕರೆಯದ ಒಂದು ಖಾರದ ಪುಡಿ ಪ್ಯಾಕೆಟ್ ತಗೊಂಡು, ಅದು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ ನೋಡೋಣ ಅಂತ ಹೊರಟೆ. ನಾಳೆ ಇದನ್ನೇ ವಾಪಸ್ ಕರೆದರೆ ಏನಾಗುತ್ತೆ ಅನ್ನೋದು ನನ್ನ ಪ್ರಶ್ನೆ.

ಮೊದಲು ನಮ್ಮ ಬೀದಿಯ ದಿನಸಿ ಅಂಗಡಿ. ಹತ್ತಾರು ವರ್ಷದಿಂದ ಪರಿಚಯ. "ಅಣ್ಣ, ಈ ಪ್ಯಾಕೆಟ್ ನಿಮ್ಮ ಹತ್ತಿರಾನೇ ತಗೊಂಡಿದ್ದು. ಇದರ ಬ್ಯಾಚ್ ನಿಮಗೆ ಯಾವತ್ತು ಬಂತು ಅಂತ ಹೇಳೋಕಾಗುತ್ತಾ?" ಅಂತ ಕೇಳಿದೆ. "ಯಾಕಕ್ಕ, ಹುಳ ಬಿದ್ದಿತ್ತಾ?" ಅಂತ ಗಾಬರಿಯಾದರು. ಇಲ್ಲ, ಸುಮ್ನೆ ಕೇಳ್ತಿದ್ದೀನಿ ಅಂದ ಮೇಲೆ ಗಲ್ಲಾ ಪೆಟ್ಟಿಗೆಯ ಕೆಳಗಿಂದ ಬಿಲ್ಲುಗಳ ಒಂದು ಕಟ್ಟು ತೆಗೆದರು. ತಂತಿಗೆ ಚುಚ್ಚಿಟ್ಟ ಬಿಲ್ಲುಗಳು, ತಿಂಗಳ ಪ್ರಕಾರ. ಐದೇ ನಿಮಿಷದಲ್ಲಿ ಬೇಕಾದ್ದು ಸಿಕ್ಕಿತು. ಡಿಸ್ಟ್ರಿಬ್ಯೂಟರ್ ಏಜೆನ್ಸಿಯ ಹೆಸರು, ತಾರೀಕು, ಖಾರದ ಪುಡಿ 200 ಗ್ರಾಂ, ಒಂದು ಡಜನ್, ರೇಟು, ತೆರಿಗೆ. ಬ್ಯಾಚ್ ನಂಬರ್ ಇರಲಿಲ್ಲ.

ಇದರಲ್ಲಿ ಅವರ ತಪ್ಪಿಲ್ಲ, ಏಜೆನ್ಸಿಯ ತಪ್ಪೂ ಇಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಏನೇನು ಇರಲೇಬೇಕು ಅನ್ನುವ ನಿಯಮದಲ್ಲಿ ಬ್ಯಾಚ್ ನಂಬರ್ ಇಲ್ಲ. ಆ ಬಿಲ್ಲು ಹುಟ್ಟಿದ್ದು ತೆರಿಗೆಗೆ, ನಮ್ಮ ಹೊಟ್ಟೆಯ ಸುರಕ್ಷತೆಗಲ್ಲ. ಇನ್ನು ಅಂಗಡಿಯಿಂದ ನಮಗೆ ಬರುವ ಬಿಲ್ಲಿನ ಕಥೆ ಇನ್ನೂ ಸಣ್ಣದು. 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬೇರೆ ಬಿಲ್ ಕೊಡಬೇಕಾಗಿಲ್ಲ ಅಂತ ಜಿಎಸ್‌ಟಿ ಕಾನೂನೇ ಹೇಳುತ್ತೆ. ನಾವು ಕೇಳೋದೂ ಇಲ್ಲ. ಒಂದು ಪ್ಯಾಕೆಟ್ ಬಿಸ್ಕತ್ತು, ಒಂದು ಸೋಪು, ಕಾಲು ಕೆಜಿ ಬೆಲ್ಲ. ಚೀಟಿಯಲ್ಲಿ ಪೆನ್ನಿನಿಂದ ಕೂಡಿಸಿ ಲೆಕ್ಕ ಹೇಳಿದರೆ ಮುಗಿಯಿತು.

ಮುಂದೆ ಏಜೆನ್ಸಿಗೆ ಹೋದೆ. ಊರಾಚೆ ಗೋಡೌನ್, ಎರಡು ಪುಟ್ಟ ಗೂಡ್ಸ್ ಗಾಡಿ. ಅಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು, ಯಾಕೆಂದರೆ ಅಲ್ಲಿ ಎಲ್ಲ ಮಾಹಿತಿಯೂ ಇತ್ತು. ಕಂಪನಿ ಡಿಪೋದಿಂದ ಅವರಿಗೆ ಬಂದ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇತ್ತು. ಅವರಿಂದ ಅಂಗಡಿಗಳಿಗೆ ಹೋದ ಮಾಲಿನ ಲೆಕ್ಕ ಕಂಪ್ಯೂಟರಿನಲ್ಲಿ ಇತ್ತು. ಗಾಡಿ ಹೋಗುವ ಆಲೂರು–ಸಕಲೇಶಪುರ ಲೈನ್ ಒಂದು ದಿನ, ಬೇಲೂರು–ಹಳೇಬೀಡು ಲೈನ್ ಒಂದು ದಿನ, ಅರಕಲಗೂಡು ಲೈನ್ ಇನ್ನೊಂದು ದಿನ. ಯಾವ ಲೈನಿನಲ್ಲಿ ಯಾವ ಅಂಗಡಿ ಎಷ್ಟು ಡಜನ್ ತಗೊಂಡಿತು ಅಂತ ಮೌಸ್ ಒತ್ತಿದರೆ ಪಟ್ಟಿ ಬಂತು. ಲೆಕ್ಕ ನೋಡಿಕೊಳ್ಳುವ ಹುಡುಗ ಹೇಳಿದ್ದು: "ಅಕ್ಕ, ಬ್ಯಾಚ್ ಪ್ರಕಾರ ಹೇಳು ಅಂದ್ರೆ ಆಗಲ್ಲ, ಗೋಡೌನಲ್ಲಿ ಮೂರ್ ಬ್ಯಾಚ್ ಒಟ್ಟಿಗೇ ಇರ್ತವೆ. ಆದ್ರೆ ಆ ಎರಡು ವಾರದಲ್ಲಿ ಯಾರ್‍ಯಾರು ತಗೊಂಡ್ರು ಅಂದ್ರೆ ಅರ್ಧ ಗಂಟೆ ಸಾಕು."

ಅರ್ಧ ಗಂಟೆ ಸಾಕು ಅಂದ ಆ ಹುಡುಗನ ಮಾತು ನನಗೆ ಇಡೀ ಹುಡುಕಾಟದಲ್ಲಿ ಸಿಕ್ಕ ಮುಖ್ಯ ಉತ್ತರ. ಬ್ಯಾಚ್ ಪ್ರಕಾರ ಕರಾರುವಾಕ್ಕಾಗಿ ಹೇಳೋಕಾಗದಿದ್ದರೂ, ಅನುಮಾನ ಇರುವ ಅಂಗಡಿಗಳ ಪಟ್ಟಿ ಒಂದು ಮಧ್ಯಾಹ್ನದೊಳಗೆ ತಯಾರಾಗುತ್ತೆ. ಆ ಪಟ್ಟಿ ಕಂಪನಿಗೆ ಹೋಗುತ್ತೆ, ಕೇಳಿದರೆ ಅಧಿಕಾರಿಗೂ ಹೋಗುತ್ತೆ. ಪುಡಿ ತಿಂದವರಿಗೆ ಮಾತ್ರ ಬರೋಲ್ಲ.

ಪಟ್ಟಿ ಪೂರ್ತಿ ಇರುತ್ತೆ ಅಂತಲೂ ನಾನು ಹೇಳೋಲ್ಲ. ಮಾಲು ಎಲ್ಲ ಲೈನ್ ಗಾಡಿಯಲ್ಲೇ ಹೋಗೋದಿಲ್ಲ. ಸಂತೆಪೇಟೆಯ ಹೋಲ್‌ಸೇಲ್ ಅಂಗಡಿಗಳಿಗೆ ಬಾಕ್ಸ್ ಲೆಕ್ಕದಲ್ಲಿ ಹೋಗುತ್ತೆ. ಅಲ್ಲಿಂದ ಹಳ್ಳಿಯ ಪೆಟ್ಟಿಗೆ ಅಂಗಡಿಯವರು ಬಸ್ಸಿನಲ್ಲೋ ಬೈಕಿನಲ್ಲೋ ಬಂದು ನಗದು ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ಎಸ್ಟೇಟ್ ಕೂಲಿಯವರ ಲೈನ್ ಮನೆಗಳ ಹತ್ತಿರ ಇರುವ ಪುಟ್ಟ ಅಂಗಡಿಗಳು, ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿಗಳು, ಇವರ ಹತ್ತಿರ ಕಾಗದವೇ ಇರೋದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಅದಾದ ಮೇಲೆ ಕಾಗದ ಅಂದರೇ ಹೆದರುವವರು ಜಾಸ್ತಿ ಆದರು. ಬಿಲ್ ಇದ್ದರೆ ತೆರಿಗೆಯವರು ಹಿಡಿಯುತ್ತಾರೆ ಅನ್ನುವ ಭಯ ಇರುವ ಕಡೆ, ಬಿಲ್ ಇಟ್ಟುಕೊಂಡರೆ ನಿಮ್ಮ ಗಿರಾಕಿಗೆ ಒಳ್ಳೆಯದು ಅಂತ ಹೇಳಿದರೆ ಯಾರು ಕೇಳುತ್ತಾರೆ? ತೆರಿಗೆಯ ಲೆಕ್ಕವನ್ನೂ ಸುರಕ್ಷತೆಯ ಲೆಕ್ಕವನ್ನೂ ಬೇರೆ ಮಾಡದೆ ಈ ಭಯ ಹೋಗೋದಿಲ್ಲ ಅಂತ ನನಗನ್ನಿಸುತ್ತೆ.

ಈಗ ಅದೇ ಬೀದಿಯ ಮೆಡಿಕಲ್ ಸ್ಟೋರಿಗೆ ಬನ್ನಿ. ಒಂದು ಸ್ಟ್ರಿಪ್ ಜ್ವರದ ಮಾತ್ರೆ ತಗೊಂಡು ಬಿಲ್ ಕೇಳಿ. ಮಾತ್ರೆಯ ಹೆಸರಿನ ಪಕ್ಕದಲ್ಲೇ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಿಂಗಳು ಎರಡೂ ಅಚ್ಚಾಗಿರುತ್ತೆ. ಇದು ದೊಡ್ಡ ಆಸ್ಪತ್ರೆಯ ವಿಷಯವಲ್ಲ, ಹತ್ತಡಿ ಅಗಲದ ಅಂಗಡಿಯಲ್ಲೂ ಹೀಗೇ. ಔಷಧ ವಾಪಸ್ ಕರೆಯೋಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಇದೆ. ಜೀವಕ್ಕೆ ಅಪಾಯ ತರಬಹುದಾದ, ಅಂದರೆ ಅಪಾಯದಲ್ಲಿ ಮೊದಲ ದರ್ಜೆಗೆ ಸೇರಿದ ಔಷಧವನ್ನು 24 ಗಂಟೆಯಿಂದ ಹೆಚ್ಚೆಂದರೆ 72 ಗಂಟೆಯೊಳಗೆ ವಾಪಸ್ ತರಿಸಬೇಕು ಅಂತ ಅದು ಹೇಳುತ್ತೆ. 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಆಗಿದೆ, ಸ್ಕ್ಯಾನ್ ಮಾಡಿದರೆ ತಯಾರಕರು ಯಾರು, ಬ್ಯಾಚ್ ಯಾವುದು ಅಂತ ಗೊತ್ತಾಗಬೇಕು. ಇಷ್ಟೆಲ್ಲಾ ಇದ್ದೂ ಅನಾಹುತ ತಪ್ಪಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೋಲ್ಡ್ರಿಫ್ ಅನ್ನುವ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಎಸ್‌ಆರ್-13 ಅನ್ನುವ ಬ್ಯಾಚ್ ಪರೀಕ್ಷೆ ಮಾಡಿದಾಗ ಶೇಕಡಾ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಅದು ವಿಷ. ಆ ಮಕ್ಕಳಿಗೆ ಯಾವ ಬಿಲ್ಲೂ ನೆರವಾಗಲಿಲ್ಲ, ಅದನ್ನು ಮರೆಯೋ ಹಾಗಿಲ್ಲ. ಆದರೆ ಸುದ್ದಿ ಬಂದ ಮೇಲೆ ಮನೆಯಲ್ಲಿ ಬಾಟಲಿ ಇಟ್ಟುಕೊಂಡ ತಾಯಿಗೆ ಹಿಡಿದುಕೊಳ್ಳೋಕೆ ಒಂದು ನಂಬರ್ ಆದರೂ ಇತ್ತು. ಖಾರದ ಪುಡಿ ಡಬ್ಬ ಹಿಡಿದು ನಿಂತ ನಮ್ಮಮ್ಮನಿಗೆ ಅದೂ ಇರಲಿಲ್ಲ.

ಗಾಡಿಗಳ ವಿಷಯ ಇನ್ನೂ ಸಲೀಸು. ಪ್ರತಿ ಬೈಕಿಗೂ ಕಾರಿಗೂ ಚಾಸಿ ನಂಬರ್ ಇದೆ, ಮಾಲೀಕರ ಹೆಸರು ಆರ್‌ಟಿಒದಲ್ಲಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಂ ಪ್ರಕಾರ ದೋಷ ಇರುವ ಗಾಡಿಗಳನ್ನು ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕಿದೆ, 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆನ್‌ಲೈನ್ ವ್ಯಾಪಾರದಲ್ಲೂ ಹೀಗೇ, ಕೊಂಡವರ ವಿಳಾಸ ಕಂಪನಿಯ ಹತ್ತಿರಾನೇ ಇರುತ್ತೆ. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐಎಸ್‌ಐ ಮಟ್ಟಕ್ಕೆ ಬಾರದ ಪ್ರೆಷರ್ ಕುಕ್ಕರ್ ಮಾರಾಟಕ್ಕೆ ಬಿಟ್ಟದ್ದಕ್ಕೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ಆದೇಶ ಹೊರಡಿಸಿತು. ಒಂದರಲ್ಲಿ 2,265 ಕುಕ್ಕರ್, ಇನ್ನೊಂದರಲ್ಲಿ 598. ಕೊಂಡ ಒಬ್ಬೊಬ್ಬರಿಗೂ ತಿಳಿಸಿ, ವಾಪಸ್ ತಗೊಂಡು ದುಡ್ಡು ಕೊಡಿ, ತಲಾ ಒಂದು ಲಕ್ಷ ದಂಡ ಕಟ್ಟಿ ಅಂತ. ಆಮೇಲೆ ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು, ಅದು ಬೇರೆ ಮಾತು. ನಾನು ಹೇಳೋದು ಆ ಅಂಕಿಯ ಬಗ್ಗೆ. ಬಿಡಿಬಿಡಿಯಾಗಿ 598 ಅಂತ ಎಣಿಸಿ ಹೇಳೋಕಾಯಿತು. ಅದೇ ಥರದ ಕುಕ್ಕರ್ ಪಾತ್ರೆ ಅಂಗಡಿಯಲ್ಲಿ ಮಾರಾಟ ಆಗಿದ್ದರೆ ಎಷ್ಟು ಅಂತ ಯಾರು ಎಣಿಸುತ್ತಿದ್ದರು?

ಹಾಗಂತ ಆಹಾರದ ವಿಷಯದಲ್ಲಿ ಕಾನೂನೇ ಇಲ್ಲ ಅಂತಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯ 28ನೇ ಕಲಂ ನೇರವಾಗಿ ಹೇಳುತ್ತೆ: ತಾನು ಮಾರಿದ ಆಹಾರ ಕಾನೂನಿಗೆ ತಕ್ಕ ಹಾಗಿಲ್ಲ ಅಂತ ಅನುಮಾನ ಬಂದರೂ ಸಾಕು, ವ್ಯಾಪಾರಿ ಅದನ್ನು ವಾಪಸ್ ತರಿಸೋಕೆ ಶುರು ಮಾಡಬೇಕು, ಅಧಿಕಾರಿಗಳಿಗೆ ತಿಳಿಸಬೇಕು. ಇದಕ್ಕೆ 2017ರಲ್ಲಿ ವಿವರವಾದ ನಿಯಮಗಳೂ ಬಂದವು. ತಯಾರಕರು, ಆಮದು ಮಾಡುವವರು, ಹೋಲ್‌ಸೇಲ್‌ನವರು ಮೊದಲೇ ಒಂದು ರೀಕಾಲ್ ಯೋಜನೆ, ಅಂದರೆ ಮಾಲು ವಾಪಸ್ ಕರೆಸುವ ಯೋಜನೆ, ಬರೆದಿಟ್ಟುಕೊಂಡಿರಬೇಕು, ಮಾಲು ಯಾರಿಗೆ ಹೋಯಿತು ಅನ್ನುವ ದಾಖಲೆ ಇಟ್ಟಿರಬೇಕು. ಬರೀ ಚಿಲ್ಲರೆ ಮಾರುವ ಅಂಗಡಿಗೆ ಆ ಯೋಜನೆಯಿಂದ ವಿನಾಯಿತಿ ಇದೆ. ಇದು ಸರಿಯೇ, ಬೀದಿ ಅಂಗಡಿಯವರಿಗೆ ಯೋಜನೆ ಬರೆಯಿರಿ ಅಂದರೆ ಅವರು ಪಾಪ ಎಲ್ಲಿಗೆ ಹೋಗಬೇಕು. ಆದರೆ ಅದೇ ಕಾಯ್ದೆಯ 27ನೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಹೆಚ್ಚು ಅಂಗಡಿಯವರಿಗೆ ಇದು ಗೊತ್ತೇ ಇಲ್ಲ. ಮಾಲು ಯಾವ ತಯಾರಕರದ್ದು, ಯಾವ ಡಿಸ್ಟ್ರಿಬ್ಯೂಟರ್ ಕೊಟ್ಟದ್ದು ಅಂತ ತೋರಿಸೋಕಾಗದಿದ್ದರೆ ಹೊಣೆ ಮಾರಿದವರ ಮೇಲೇ ಬೀಳುತ್ತೆ. ಅಂದರೆ ಆ ತಂತಿಗೆ ಚುಚ್ಚಿದ ಬಿಲ್ಲುಗಳು ಅಂಗಡಿಯವರನ್ನೇ ಕಾಪಾಡುವ ಕಾಗದಗಳು. ನಾನು ಇದನ್ನು ಹೇಳಿದಾಗ ನಮ್ಮ ಅಂಗಡಿಯ ಅಣ್ಣ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಕಾನೂನಿನಲ್ಲಿ ದಾಖಲೆ ಇಡಿ ಅಂತಿದೆ, ವಾಪಸ್ ತನ್ನಿ ಅಂತಿದೆ, ಜನಕ್ಕೆ ಎಚ್ಚರಿಕೆ ಕೊಡಿ ಅಂತಲೂ ಇದೆ. ಮಾರಿದ ಅಂಗಡಿಗಳ ಪಟ್ಟಿಯನ್ನು ಊರೂರಿಗೆ ಪ್ರಕಟಿಸಿ ಅನ್ನುವ ರೂಢಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ.

ಬೇರೆ ದೇಶಗಳಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ನಡೆದಿದೆ. ಅಮೆರಿಕದಲ್ಲಿ ಮಾಂಸ, ಕೋಳಿ ನೋಡಿಕೊಳ್ಳೋದು ಕೃಷಿ ಇಲಾಖೆ. ಅವರು 2008ರಿಂದ, ಅಪಾಯ ಜಾಸ್ತಿ ಇರುವ ಮೊದಲ ದರ್ಜೆಯ ರೀಕಾಲ್ ಆದರೆ ಮಾರಿದ ಅಂಗಡಿಗಳ ಪಟ್ಟಿಯನ್ನೇ ಹಾಕುತ್ತಾರೆ. ಉಳಿದ ಹೆಚ್ಚಿನ ಆಹಾರ ನೋಡಿಕೊಳ್ಳುವ ಎಫ್‌ಡಿಎ ಅನ್ನುವ ಇನ್ನೊಂದು ಸರ್ಕಾರಿ ಸಂಸ್ಥೆ ಬಹಳ ವರ್ಷ ಇದಕ್ಕೆ ಒಪ್ಪಲೇ ಇಲ್ಲ. ಕಂಪನಿ ಯಾರಿಗೆ ಮಾಲು ಕೊಡುತ್ತೆ ಅನ್ನೋದು ವ್ಯಾಪಾರದ ಗುಟ್ಟು, ಪ್ರತಿಸ್ಪರ್ಧಿಗೆ ಗೊತ್ತಾದರೆ ನಷ್ಟ ಅನ್ನೋದು ವಾದ. ಒಂದೇ ದೇಶ, ಒಂದೇ ಅಂಗಡಿ. ಅಲ್ಲಿ ಕೊಂಡ ಕೋಳಿ ಕೆಟ್ಟಿದ್ದರೆ ಅಂಗಡಿ ಹೆಸರು ಗೊತ್ತಾಗುತ್ತಿತ್ತು, ಹಣ್ಣು ಕೆಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲ. ಆಟದ ಸಾಮಾನು, ಹೀಟರ್, ಮಂಚ, ತೊಟ್ಟಿಲು ಇಂಥವನ್ನು ನೋಡಿಕೊಳ್ಳುವ ಅಲ್ಲಿನ ಇನ್ನೊಂದು ಆಯೋಗದ ರೀಕಾಲ್ ಪ್ರಕಟಣೆಯಲ್ಲಿ ಎಲ್ಲಿ ಮಾರಾಟವಾಯಿತು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ಬೆಲೆಗೆ ಅಂತ ಒಂದು ಸಾಲು ಇರುತ್ತೆ. ಆಸ್ಟ್ರೇಲಿಯಾದ ಆಹಾರ ಪ್ರಕಟಣೆಗಳಲ್ಲೂ ಯಾವ ರಾಜ್ಯ, ಯಾವ ಅಂಗಡಿ ಸರಪಣಿ ಅಂತ ಬರೆದಿರುತ್ತಾರೆ.

2018ರಲ್ಲಿ ಎಫ್‌ಡಿಎ ತನ್ನ ಪಟ್ಟನ್ನು ಸ್ವಲ್ಪ ಸಡಿಲಿಸಿ ಒಂದು ಕರಡು ಹೊರಡಿಸಿತು. ಅದರಲ್ಲಿ ಕೊಟ್ಟ ಕಾರಣ ನನಗೆ ಬಹಳ ಮುಖ್ಯ ಅನ್ನಿಸಿತು. ಪ್ಯಾಕೆಟ್ ನೋಡಿ ಗುರುತಿಸೋಕೆ ಆಗದ ಆಹಾರವಾದರೆ ಅಂಗಡಿಗಳ ಹೆಸರು ಹೇಳಬೇಕು ಅಂತ. ಕೌಂಟರಿನಲ್ಲಿ ಕತ್ತರಿಸಿ ಕೊಡುವ ಚೀಸ್, ಡಬ್ಬದಿಂದ ತೂಗಿ ಕೊಡುವ ಬೀಜಗಳು, ಬಿಡಿಯಾಗಿ ಮಾರುವ ಹಣ್ಣು. ಇವಕ್ಕೆ ಬ್ಯಾಚ್ ನಂಬರ್ ಗಿರಾಕಿಯ ಕೈಗೆ ಬರೋದೇ ಇಲ್ಲ. ಹಾಗಾಗಿ ಎಲ್ಲಿ ಕೊಂಡೆ ಅನ್ನೋದೊಂದೇ ಗುರುತು.

ಇದನ್ನು ಓದಿದಾಗ ನನಗೆ ನೇರವಾಗಿ ನಮ್ಮ ಊರೇ ಕಣ್ಣಿಗೆ ಬಂತು. ಅವರಿಗೆ ಇದು ಅಪರೂಪದ ಸಂದರ್ಭ, ನಮಗೆ ದಿನದ ವ್ಯಾಪಾರ. ತೊಗರಿಬೇಳೆ ಲೂಸ್, ಬೆಲ್ಲ ಲೂಸ್, ಅವಲಕ್ಕಿ ಲೂಸ್, ಕಾಫಿಪುಡಿಯನ್ನು ನಮ್ಮ ಕಣ್ಣೆದುರೇ ಚಿಕೋರಿ ಬೆರೆಸಿ ಕವರಿಗೆ ತುಂಬಿ ಕೊಡುತ್ತಾರೆ. ಚಿಕ್ಕಮಗಳೂರಿಗೆ ಬಂದ ಪ್ರವಾಸಿಗರು ಏಲಕ್ಕಿ, ಮೆಣಸು, ಮನೆಯಲ್ಲಿ ಮಾಡಿದ ಚಾಕೊಲೇಟ್ ತೂಕದ ಲೆಕ್ಕದಲ್ಲಿ ಕೊಂಡು ಬೆಂಗಳೂರಿಗೆ ಒಯ್ಯುತ್ತಾರೆ. ಇದಕ್ಕೆಲ್ಲ ಎಲ್ಲಿಯ ಬ್ಯಾಚ್ ನಂಬರ್? ಮೂಟೆಯ ಮೇಲೆ ಇದ್ದರೂ ಅದು ಅಂಗಡಿಯ ಮೂಲೆಯಲ್ಲೇ ಉಳಿಯಿತು. ನಮ್ಮ ಅಡುಗೆಮನೆಯ ಅರ್ಧ ಸಾಮಾನಿಗೆ ಅಂಗಡಿಯ ಹೆಸರೇ ಲೇಬಲ್ಲು. ಅಂಗಡಿ ಹೆಸರು ಹೇಳದೆ ರೀಕಾಲ್ ಮಾಡಿದರೆ ಆ ಅರ್ಧಕ್ಕೆ ರೀಕಾಲೇ ಆಗಿಲ್ಲ ಅಂತ ಲೆಕ್ಕ.

ಅಂಗಡಿಯವರ ಕಷ್ಟವನ್ನೂ ಹೇಳಬೇಕು. ಹೆಸರು ಪಟ್ಟಿಯಲ್ಲಿ ಬಂದರೆ ಸಾಕು, ಮಾರನೇ ದಿನದಿಂದ ಗಿರಾಕಿ ಆಚೆ ಅಂಗಡಿಗೆ. ಅವರು ಮಾಡಿದ ತಪ್ಪೇನೂ ಇರೋದಿಲ್ಲ, ಸೀಲ್ ಮಾಡಿದ ಪ್ಯಾಕೆಟ್ ತಂದರು, ಮಾರಿದರು. ಚಿಕ್ಕ ಊರಿನಲ್ಲಿ ಹೆಸರು ಕೆಡೋದು ಬಹಳ ಬೇಗ. ಈ ಮಾತು ನಿಜ. ಆದರೆ ಹೆಸರು ಹೇಳದಿದ್ದರೆ ಏನಾಗುತ್ತೆ ಅಂತಲೂ ನಾವು ನೋಡಿದ್ದೇವೆ. ಪಟ್ಟಿ ಇಲ್ಲದ ಕಡೆ ವಾಟ್ಸಾಪ್ ಪಟ್ಟಿ ಹುಟ್ಟುತ್ತೆ. ಯಾರೋ ಯಾವುದೋ ಅಂಗಡಿಯ ಬೋರ್ಡಿನ ಫೋಟೊ ಹಾಕುತ್ತಾರೆ, ಊರಿನ ಎಲ್ಲ ಅಂಗಡಿಯ ಮೇಲೂ ಅನುಮಾನ ಬರುತ್ತೆ. 2015ರಲ್ಲಿ ಮ್ಯಾಗಿ ನಿಷೇಧ ಆದಾಗ ಬೇರೆ ಕಂಪನಿಗಳ ನೂಡಲ್ಸ್ ಕೊಳ್ಳೋಕೂ ಜನ ಹಿಂದೆಮುಂದೆ ನೋಡಿದರು, ಅಲ್ವಾ? ಆ ಸಲ ದೇಶದ ಮೂಲೆಮೂಲೆಯಿಂದ ಸಾವಿರಾರು ಟನ್ ಮಾಲು ವಾಪಸ್ ತಂದು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಟ್ಟರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಅಷ್ಟು ಅಂಗಡಿಗಳಿಂದ ವಾಪಸ್ ತರೋಕೆ ಸಾಧ್ಯವಾಯಿತು ಅಂದರೆ, ಮಾಲು ಎಲ್ಲೆಲ್ಲಿಗೆ ಹೋಯಿತು ಅನ್ನೋದು ಕಂಪನಿಗೆ ಬಹುಮಟ್ಟಿಗೆ ಗೊತ್ತಿತ್ತು ಅಂತ ಅರ್ಥ.

ಪಟ್ಟಿ ಹಾಕುವಾಗ ಒಂದು ಸಾಲು ಸೇರಿಸಿದರೆ ಅಂಗಡಿಯವರ ಕಷ್ಟ ಎಷ್ಟೋ ಕಡಿಮೆ ಆಗುತ್ತೆ: ಈ ಅಂಗಡಿಗಳಿಗೆ ಮಾಲು ಬಂದಿತ್ತು, ಇವರದು ತಪ್ಪಿಲ್ಲ, ಉಳಿದ ಮಾಲನ್ನು ಇಷ್ಟನೇ ತಾರೀಕು ವಾಪಸ್ ಕೊಟ್ಟಿದ್ದಾರೆ. ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರ 2024ರ ಏಪ್ರಿಲ್‌ನಲ್ಲಿ ಎಂಡಿಎಚ್‌ನ ಮೂರು ಮತ್ತು ಎವರೆಸ್ಟ್‌ನ ಒಂದು ಮಸಾಲೆಯಲ್ಲಿ ಎಥಿಲೀನ್ ಆಕ್ಸೈಡ್ ಅನ್ನುವ ಕೀಟನಾಶಕ ಸಿಕ್ಕಿದೆ ಅಂತ ಪ್ರಕಟಿಸಿದಾಗ, ಊರಿನ ಯಾವ ಭಾಗದ ಎಷ್ಟು ಅಂಗಡಿಗಳಿಂದ ಸ್ಯಾಂಪಲ್ ತಂದೆವು ಅಂತಲೂ ಬರೆದಿತ್ತು. ಕಂಪನಿಗಳು ಆರೋಪ ಒಪ್ಪಲಿಲ್ಲ. ಆದರೆ ಎಲ್ಲಿ ಸಿಕ್ಕಿತು ಅಂತ ಹೇಳೋದು ಅಲ್ಲಿ ಸಹಜವಾದ ವಿಷಯ. ಆ ಸುದ್ದಿ ಬಂದ ವಾರ ಮೆಣಸು, ಏಲಕ್ಕಿ ಬೆಳೆಯುವ ನಮ್ಮ ಮಲೆನಾಡಿನಲ್ಲೂ ಅದೇ ಮಾತು. ನಾವು ಬೆಳೆದದ್ದು ದೂರದ ದೇಶದಲ್ಲಿ ಯಾವ ಅಂಗಡಿಯಲ್ಲಿ ಏನಾಯಿತು ಅಂತ ತಿಳಿದುಕೊಂಡೆವು, ನಮ್ಮ ಬೀದಿಯಲ್ಲಿ ಏನಾಗುತ್ತೆ ಅಂತ ಮಾತ್ರ ತಿಳಿಯಲಿಲ್ಲ.

ತಿನ್ನುವ ವಸ್ತು ಬಿಟ್ಟು ಬೇರೆ ಸಾಮಾನಿನ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ನೀರು ಕಾಯಿಸುವ ಕಾಯಿಲ್ ಬಹಳ ಮಾರಾಟ ಆಗುತ್ತೆ. ಸಂತೆಯಲ್ಲಿ ನೆಲದ ಮೇಲೆ ಹರಡಿ ಮಾರುತ್ತಾರೆ. ಇದಕ್ಕೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲುಗಡೆ ಐಎಸ್ ನಂಬರ್, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಈ ಗುರುತು ಕೊಡುವ ಕೇಂದ್ರದ ಸಂಸ್ಥೆ ಬಿಐಎಸ್. ಅದರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತೆ. ಮಟ್ಟಕ್ಕೆ ಬಾರದ ಮಾಲನ್ನು ವಾಪಸ್ ತರಿಸುವ ಅಧಿಕಾರ 2016ರ ಬಿಐಎಸ್ ಕಾಯ್ದೆಯಲ್ಲಿ ಇದೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ 20ನೇ ಕಲಮಿನಲ್ಲೂ ಇದೆ. ಆದರೆ ಸಂತೆಯಲ್ಲಿ ಬಿಲ್ ಇಲ್ಲದೆ ಕೊಂಡ ಕಾಯಿಲನ್ನು ಯಾರು, ಎಲ್ಲಿಂದ ವಾಪಸ್ ಕರೆಯಬೇಕು? ಅದು ಈಗಾಗಲೇ ಯಾರದೋ ಬಚ್ಚಲುಮನೆಯ ಬಕೆಟ್ಟಿನಲ್ಲಿದೆ.

ಸದ್ಯಕ್ಕೆ ನಮ್ಮ ಕೈಯಲ್ಲಿ ಏನು ಮಾಡೋಕಾಗುತ್ತೆ ಅಂದರೆ, ಮೊದಲನೆಯದಾಗಿ ಕವರ್ ಎಸೆಯಬೇಡಿ. ಡಬ್ಬಕ್ಕೆ ಸುರಿದ ಮೇಲೆ ಬ್ಯಾಚ್ ನಂಬರ್ ಇರುವ ತುಂಡನ್ನು ಕತ್ತರಿಸಿ ಡಬ್ಬದೊಳಗೋ ಮುಚ್ಚಳದ ಹಿಂದೆಯೋ ಇಡಿ, ಇಲ್ಲವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಬಿಲ್ ಕೇಳಿ, ಸಣ್ಣದಾದರೂ ಸರಿ. 2022ರಿಂದ ಆಹಾರದ ಬಿಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರಬೇಕು ಅಂತ ನಿಯಮ ಇದೆ, ಆ ನಂಬರ್ ಇದ್ದರೆ ದೂರು ಕೊಡುವಾಗ ಅಂಗಡಿಯನ್ನು ಗುರುತಿಸೋದು ಸುಲಭ. ಒಂದು ಪದಾರ್ಥ ವಾಪಸ್ ಕರೆದಿದ್ದಾರೆ ಅಂತ ಗೊತ್ತಾದರೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರ ಹತ್ತಿರ ಇರುವ ಏಜೆನ್ಸಿ ಬಿಲ್ ತೋರಿಸಿ ಅಂತ ಕೇಳಿ. ಯಾವ ಏಜೆನ್ಸಿ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಜಿಲ್ಲೆಯಲ್ಲಿ ಆಹಾರ ಸುರಕ್ಷತೆಗೆ ಅಂತಲೇ ಅಂಕಿತಾಧಿಕಾರಿ ಇರುತ್ತಾರೆ, ಅವರ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800-112-100, ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915. ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ನೀವೇ ಸರ್ಕಾರಿ ವಿಶ್ಲೇಷಕರ ಹತ್ತಿರ ಪರೀಕ್ಷೆ ಮಾಡಿಸಬಹುದು, ಕೊಳ್ಳುವಾಗಲೇ ಅಂಗಡಿಯವರಿಗೆ ಆ ವಿಷಯ ಹೇಳಿರಬೇಕು.

ಪಟ್ಟಿಯೇ ಬೇಕು ಅಂದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು ಅನ್ನೋದನ್ನು ಮರೆಯಬೇಡಿ, ಎಷ್ಟೋ ಅರ್ಜಿಗಳು ಇದರಲ್ಲೇ ಬಿದ್ದುಹೋಗುತ್ತವೆ. ವ್ಯಾಪಾರದ ಗುಟ್ಟು ಅಂತ 8(1)(ಡಿ) ಕಲಂ ತೋರಿಸಿ ಇಲ್ಲ ಅನ್ನಬಹುದು. ಅದೇ ಕಲಮಿನಲ್ಲಿ ಜನರ ದೊಡ್ಡ ಹಿತ ಇದ್ದರೆ ಕೊಡಬಹುದು ಅಂತಲೂ ಇದೆ. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯಲ್ಲಿ ಕೊಡಬೇಕು ಅಂತ 7ನೇ ಕಲಂ ಹೇಳುತ್ತೆ. ಈ ಎರಡನ್ನೂ ಅರ್ಜಿಯಲ್ಲೇ ಬರೆದುಬಿಡಿ.

ಆದರೆ ನಿಜ ಹೇಳಬೇಕು ಅಂದರೆ, ಖಾರದ ಪುಡಿ ತಿನ್ನಬಹುದಾ ಅಂತ ತಿಳಿಯೋಕೆ ಒಬ್ಬ ತಾಯಿ ಅರ್ಜಿ ಬರೆಯಬೇಕಾಗಿ ಬರಬಾರದು. ರೀಕಾಲ್ ಆದೇಶ ಆದ ದಿನವೇ ಏಜೆನ್ಸಿಗಳಿಂದ ತಾಲೂಕಿನ ಪ್ರಕಾರ ಪಟ್ಟಿ ತರಿಸಿ, ಜಿಲ್ಲಾಡಳಿತದ ಪ್ರಕಟಣೆಯಲ್ಲಿ ಹಾಕಿ, ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡಿಗೆ ಕಳಿಸಿದರೆ ಆಯಿತು. ಪಟ್ಟಿಯಲ್ಲಿರುವ ಅಂಗಡಿಯ ಮುಂದೆ ಒಂದು ಕಾಗದ, ಇಂಥ ಪ್ಯಾಕೆಟ್ ತಗೊಂಡಿದ್ದರೆ ವಾಪಸ್ ತನ್ನಿ ಅಂತ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಲೂಸ್ ಮಾಲು ಮಾರುವವರು ಮೂಟೆ ಬಿಚ್ಚಿದ ದಿನ ಅದರ ಚೀಟಿಯನ್ನು ಒಂದು ಪುಸ್ತಕಕ್ಕೆ ಅಂಟಿಸಿಟ್ಟರೆ ಸಾಕು. ನ್ಯಾಯಬೆಲೆ ಅಂಗಡಿಯ ಅಕ್ಕಿ ಯಾವ ಕಾರ್ಡಿಗೆ ಎಷ್ಟು ಹೋಯಿತು ಅಂತ ಸರ್ಕಾರಕ್ಕೆ ಗೊತ್ತಿದೆ, ಬೆಳಗಿನ ಜಾವ ಯಾವ ರೂಟಿನ ಹಾಲಿನ ಗಾಡಿ ಯಾವ ಬೂತಿಗೆ ಎಷ್ಟು ಕ್ರೇಟ್ ಇಳಿಸಿತು ಅಂತ ಡೇರಿಗೆ ಗೊತ್ತಿದೆ. ಮಾಡೋಕೆ ಬರದ ಕೆಲಸ ಇದಲ್ಲ.

ಮೊನ್ನೆ ಮತ್ತೆ ಅಂಗಡಿಗೆ ಹೋಗಿದ್ದೆ. ಲೈನ್ ಗಾಡಿ ಬಂದು ನಿಂತಿತ್ತು. ನಮ್ಮ ಅಂಗಡಿಯ ಅಣ್ಣ ಬಿಲ್ಲಿಗೆ ಸಹಿ ಹಾಕದೆ ಕೂತಿದ್ದರು. "ಬ್ಯಾಚ್ ನಂಬರ್ ಬರ್ಕೊಡಪ್ಪ, ಆಮೇಲೆ ಸಹಿ" ಅಂತ. ಗಾಡಿಯ ಹುಡುಗ ಪೆನ್ನು ತೆಗೆದು ಖಾರದ ಪುಡಿಗೆ ಬರೆದ, ಅರಿಶಿನಕ್ಕೆ ಬರೆದ. ಮೂರನೆಯದಕ್ಕೆ ಬರುವ ಹೊತ್ತಿಗೆ ಗಡಿಯಾರ ನೋಡಿಕೊಂಡು, "ಅಣ್ಣಾ, ಇನ್ನೂ ಸಕಲೇಶಪುರದವರೆಗೂ ಲೈನ್ ಐತೆ, ಉಳಿದಿದ್ದು ಮುಂದಿನ್ ವಾರ" ಅಂದ. ಅಣ್ಣ ಸಹಿ ಹಾಕಿದರು.